ಶಿಫ್ಟ್ ಬಿಟ್ಟುಕೊಟ್ಟ ಮೇಲೆ: ಒಂದು ಮನೆಯ ಪ್ರಕರಣ ಅಧ್ಯಯನ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಮನೆಯವರೆಲ್ಲ ಓದಿ ಒಪ್ಪಿದ ಮೇಲೆಯೇ ಇದನ್ನು ಹೊರಗೆ ಕೊಡುತ್ತಿದ್ದೇನೆ. ಹೆಸರು, ಕೆಲಸ, ಬಡಾವಣೆ, ವಯಸ್ಸು ಅಷ್ಟಿಷ್ಟು ಬದಲಾಗಿವೆ. ಬದಲಿಸದೆ ಬಿಟ್ಟದ್ದು ಎರಡೇ: ಅವರು ಆಡಿದ ಮಾತು, ನಾನು ಮಾಡಿದ ತಪ್ಪು.

ಹಿನ್ನೆಲೆ

ಆಕೆಯನ್ನು ಶಾರದಾ ಎಂದು ಕರೆಯೋಣ. 44 ವರ್ಷ. ಸಹಕಾರಿ ಬ್ಯಾಂಕೊಂದರ ಕೌಂಟರ್‌ನಲ್ಲಿ ಕೆಲಸ. ಮನೆ ಬೆಂಗಳೂರಿನ ಪಶ್ಚಿಮದ ಕಡೆಯ ಹಳೇ ಬಡಾವಣೆಯಲ್ಲಿ, 30-40 ಸೈಟಿನಲ್ಲಿ ಮಾವ ಕಟ್ಟಿಸಿದ್ದು. ಮಾವನಿಗೆ 76. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮೂರೂ ಶಿಫ್ಟ್ ದುಡಿದು ರಿಟೈರ್ ಆದವರು. ಅತ್ತೆ ತೀರಿಕೊಂಡು ಆರು ವರ್ಷ. ಗಂಡ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಒಬ್ಬನೇ ಮಗ, ಸೆಕೆಂಡ್ ಪಿಯುಸಿ, ಸೈನ್ಸ್.

ಹೊರಗಿನವರ ಕಣ್ಣಿಗೆ ಏನೂ ಕಮ್ಮಿ ಇಲ್ಲದ ಮನೆ. ಗಂಡ ಕುಡಿಯುವುದಿಲ್ಲ. ಮಾವ ಬಾಯಿ ಮಾಡುವುದಿಲ್ಲ. ಮನೆ ಸಾಲ ತೀರಿದೆ. ತೊಡಕು ಇರುವುದೇ ಇಲ್ಲಿ. ದೂರು ಹೇಳುವುದಕ್ಕೂ ಒಂದು ಹಿಡಿ ಬೇಕಲ್ಲ, ಈಕೆಗೆ ಆ ಹಿಡಿಯೇ ಸಿಕ್ಕಿರಲಿಲ್ಲ. ತವರಿನಲ್ಲಿ ಹೇಳಿಕೊಂಡರೆ "ನಿನಗೇನೇ ಕಡಿಮೆ ಆಗಿರೋದು?" ಎಂಬ ಪ್ರಶ್ನೆ. ಆಕೆಯೂ ತನ್ನನ್ನು ತಾನು ಅದನ್ನೇ ಕೇಳಿಕೊಂಡಿದ್ದರು.

2024ರ ಜೂನ್‌ನಲ್ಲಿ ನನ್ನ ಹತ್ತಿರ ಬಂದರು. ನಾನು ವಾರಕ್ಕೆ ಮೂರು ಸಂಜೆ ಆಪ್ತಸಮಾಲೋಚನೆಗೆ ಕೂರುತ್ತೇನೆ. ಕೂತ ತಕ್ಷಣ ಬ್ಯಾಗಿನಿಂದ ಒಂದು ಡೈರಿ ತೆಗೆದು ಮೇಜಿನ ಮೇಲಿಟ್ಟರು. ದಿನಾ ಮಲಗುವ ಮುಂಚೆ ಖುಷಿ ಕೊಟ್ಟ ಮೂರು ಸಂಗತಿ ಬರೆಯಬೇಕು ಎಂದು ಯಾವುದೋ ವಿಡಿಯೋದಲ್ಲಿ ಕೇಳಿ ಶುರು ಮಾಡಿದ್ದಂತೆ. ಮೊದಲ ವಾರ ಚೆನ್ನಾಗಿಯೇ ಇತ್ತು: ಮಳೆ ಬಂತು, ಮಗ ಸಾರು ಚೆನ್ನಾಗಿದೆ ಅಂದ, ಬಸ್ಸಿನಲ್ಲಿ ಸೀಟು ಸಿಕ್ಕಿತು. ಮೂರನೇ ವಾರಕ್ಕೆ "ಅದೇ", "ಅದೇ", "ಅದೇ". ಆಮೇಲಿನ ಪುಟಗಳಲ್ಲಿ ಹಾಲಿನ ಲೆಕ್ಕ.

"ಖುಷಿಯಾಗಿರೋದೂ ಒಂದು ಕೆಲಸ ಆಗೋಯ್ತು ಮೇಡಂ. ಅದನ್ನೂ ಮುಗಿಸಿ ಮಲಗಬೇಕು" ಎಂದರು.

ನನ್ನ ಮೊದಲ ಸಲಹೆ ಕೆಟ್ಟಿತು

ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ ಎಂದು ಯಾರೇ ಬಂದರೂ ನಾನು ಮೊದಲು ಎರಡು ಕೆಲಸ ಮಾಡುತ್ತೇನೆ. ಒಂದು, ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪಟ್ಟಿ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಶಾರದಾಗೆ 8 ಬಂತು. ಎರಡನೆಯದು ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ 9.6 ಇತ್ತು. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ ಹಲವರಿಗೆ ಸ್ರಾವ ಜಾಸ್ತಿಯಾಗುತ್ತದೆ, ಆಕೆಗೂ ಹಾಗೇ ಆಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದ ಬೆನ್ನಿಗೇ ಕಾಫಿ ಕುಡಿಯುವ ರೂಢಿ ಇತ್ತು, ಅದನ್ನು ತಪ್ಪಿಸಬೇಕಾಯಿತು. ಕಾಫಿ, ಟೀ ಎರಡೂ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ.

ಇಷ್ಟರವರೆಗೆ ಸರಿ. ಇದಾದ ಮೇಲೆ ನಾನು ಒಂದು ರೆಡಿಮೇಡ್ ಸಲಹೆ ಕೊಟ್ಟೆ. "ದಿನಕ್ಕೆ ಒಂದು ಗಂಟೆ ನಿಮಗೇ ಅಂತ ಇಟ್ಕೊಳ್ಳಿ. ಪಾರ್ಕಿನಲ್ಲಿ ವಾಕ್ ಮಾಡಿ, ಹಾಡು ಕೇಳಿ, ಏನಾದ್ರೂ ಸರಿ."

ಐದು ವಾರದ ನಂತರ ಒಂದು ಸಂಜೆ ಬಂದವರು ಕುರ್ಚಿಯಲ್ಲೇ ತೂಕಡಿಸಿದರು. ಎಷ್ಟು ಗಂಟೆಗೆ ಏಳುತ್ತೀರಿ ಎಂದು ಕೇಳಿದೆ.

"ನಾಲ್ಕೂವರೆಗೆ. ವಾಕಿಂಗ್ ಹೋಗ್ಬೇಕಲ್ಲ, ನೀವೇ ಹೇಳಿದ್ರಲ್ಲ."

ಕೆಲಸ ಒಂದೂ ಕಮ್ಮಿಯಾಗಿರಲಿಲ್ಲ. ನಿದ್ದೆ ಕಮ್ಮಿಯಾಗಿತ್ತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಅಂಕಿ ನನಗೆ ಬಾಯಿಪಾಠ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಮಾಡುತ್ತಾರೆ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಗಿದೆ. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎಂದು ಖುಷಿಪಡುವ ಹಾಗೂ ಇಲ್ಲ, ಗಂಡಸರಿಗೂ ಒಂಬತ್ತು ನಿಮಿಷ ಉಳಿದಿದೆ. ಇಂಥ ದಿನಕ್ಕೆ ಇನ್ನೊಂದು ಗಂಟೆ ಸೇರಿಸಿ ಎಂದರೆ ಅದು ಎಲ್ಲಿಂದ ಬರಬೇಕು? ಸಾರಿ ಕೇಳಿದೆ. ವಾಕಿಂಗ್ ನಿಲ್ಲಿಸಿದೆವು.

ಕ್ಯಾಲೆಂಡರ್ ಹಾಳೆಯ ಹಿಂಬದಿ

ಆಗಸ್ಟ್‌ನಲ್ಲಿ ಬೇರೆ ಕೆಲಸ ಕೊಟ್ಟೆ. ಮಾಡುವ ಕೆಲಸ ಬರೆಯುವುದು ಬೇಡ, ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ಬರೆಯಿರಿ ಎಂದೆ. ಅಡುಗೆಮನೆ ಗೋಡೆಯ ಹಳೇ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಒಂಬತ್ತು ದಿನ ಬರೆದು ತಂದರು. 71 ಸಾಲು.

ಕಾವೇರಿ ನೀರು ಬರುವ ದಿನ ಸಂಪು ನೋಡುವುದು. ಹಾಕಿದ ಮೋಟಾರ್ ಆಫ್ ಮಾಡುವುದು. ಸಿಲಿಂಡರ್ ಬುಕ್ ಮಾಡುವುದು. ಒಣ ಕಸದ ದಿನ ಯಾವುದು. ಮಾವನ ಬಿಪಿ ಮಾತ್ರೆ ಎಷ್ಟು ಉಳಿದಿದೆ. ಶನಿವಾರಕ್ಕೆ ಅಕ್ಕಿ, ಉದ್ದು ನೆನೆಹಾಕುವುದು. ಮಗನ ಕೆಮಿಸ್ಟ್ರಿ ರೆಕಾರ್ಡ್. ನಾದಿನಿ ಮಗಳ ಸೀಮಂತಕ್ಕೆ ಸೀರೆ. ಮನೆಕೆಲಸದ ಲಕ್ಷ್ಮಮ್ಮ (ಇದೂ ಬದಲಿಸಿದ ಹೆಸರು) ನಾಳೆ ಬರ್ತಾಳೋ ಇಲ್ಲವೋ. ಇದನ್ನೇ ಮಾರ್ಚ್‌ನಲ್ಲಿ ಬರೆಸಿದ್ದರೆ ಬೋರ್‌ವೆಲ್ ಬತ್ತಿದಾಗ ಟ್ಯಾಂಕರಿನವನಿಗೆ ಮಾಡಿದ ಫೋನುಗಳೂ ಸೇರುತ್ತಿದ್ದವು. ಆ ಬೇಸಿಗೆ ಬೆಂಗಳೂರಿನವರು ಯಾರೂ ಮರೆತಿಲ್ಲ.

ಮುಂದಿನ ಸಲ ಗಂಡನೂ ಬಂದರು. ಒಳ್ಳೆಯ ಮನುಷ್ಯ. ಹಾಳೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು, ಲೆಜರ್ ಓದಿದ ಹಾಗೆ. ನಂತರ ಹೆಂಡತಿ ಕಡೆ ತಿರುಗಿ, "ಇದೆಲ್ಲಾ ನಂಗೆ ಹೇಳಿದ್ರೆ ಮಾಡ್ತಿದ್ನಲ್ಲೇ" ಎಂದರು.

"ಹೇಳೋದು ಎಪ್ಪತ್ತೆರಡನೇದು ರೀ."

ಅವರು ನಗಲಿಲ್ಲ. ನಾನೂ ನಗು ತಡೆದುಕೊಂಡೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡಲು ಶುರುವಾದಾಗಿನಿಂದ ಇವರಿಗೆ ದಿನಕ್ಕೆ ಒಂದು ಗಂಟೆಗೂ ಜಾಸ್ತಿ ಉಳಿದಿತ್ತು. ಆ ಗಂಟೆ ಎಲ್ಲಿ ಹೋಗುತ್ತಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಜೇಬಿನ ಮೇಲಿಂದಲೇ ಮೊಬೈಲ್ ಮುಟ್ಟಿ ತೋರಿಸಿದರು.

ಕೆಲಸ ಹಂಚಿ ಒಂದು ಪಟ್ಟಿ ಮಾಡಿದರು, ಫ್ರಿಜ್ ಮೇಲೆ ಅಂಟಿಸಿದರು. ಎರಡೇ ವಾರ. ಗಂಡ ತೊಳೆದ ಪಾತ್ರೆಯನ್ನು ಶಾರದಾ ಮತ್ತೆ ತೊಳೆಯುತ್ತಿದ್ದರು. ಮಗ ತಂದ ಕೊತ್ತಂಬರಿ ಬಾಡಿದೆ ಎಂದು ತಾವೇ ಹೋಗಿ ಬೇರೆ ತರುತ್ತಿದ್ದರು. "ಬಿಡಿ, ನಾನೇ ಮಾಡ್ತೀನಿ" ಎಂಬ ಮಾತು ಕೇಳಿದ ಕೂಡಲೇ ಅಪ್ಪ, ಮಗ ಇಬ್ಬರೂ ಅಡುಗೆಮನೆಯಿಂದ ಹೊರಗೆ. ಪಟ್ಟಿ ಫ್ರಿಜ್ ಮೇಲೇ ಉಳಿಯಿತು, ಕೆಲಸ ಆಕೆಯ ಮೈಮೇಲೆ.

ಮಾವನ ಮಾತು

ಮನೆಯಲ್ಲಿ ಇದಕ್ಕೆಲ್ಲ ಜಾಸ್ತಿ ಮುಖ ಸಿಂಡರಿಸಿದ್ದು ಮಾವ. ಮಗ ಪಾತ್ರೆ ತೊಳೆಯುವುದು ಅವರಿಗೆ ಹಿಡಿಸಿರಲಿಲ್ಲ. ಆದರೆ ಒಂದು ಭಾನುವಾರ, ಎರಡನೇ ಸಲ ತೊಳೆಯುವ ಸದ್ದು ಕೇಳಿ, ಪೇಪರ್ ಮಡಿಸಿಟ್ಟು ಹೀಗೆಂದರಂತೆ:

"ಅಲ್ಲಮ್ಮಾ, ಫ್ಯಾಕ್ಟರೀಲಿ ಶಿಫ್ಟ್ ಬಿಟ್ಟುಕೊಟ್ಟ ಮೇಲೆ ನಾವು ಮೆಷಿನ್ ಹಿಂದೆ ನಿಂತ್ಕೊಂಡು ನೋಡ್ತಿರಲಿಲ್ಲ. ರಿಜೆಕ್ಷನ್ ಬಂತಾ, ಅದು ಅವನ ಲೆಕ್ಕ. ನಾವು ಮನೆಗೆ ಬಂದು ಮಲಗ್ತಿದ್ವಿ."

ಶಾರದಾಗೆ ಮೈಯೆಲ್ಲ ಉರಿಯಿತು. "ಇಷ್ಟು ವರ್ಷದಲ್ಲಿ ಉಂಡ ತಟ್ಟೆ ಎತ್ತದವರು ನಂಗೆ ಪಾಠ ಹೇಳ್ತಾರೆ" ಎಂದು ನನ್ನ ಮುಂದೆ ಸಿಟ್ಟು ತೀರಿಸಿಕೊಂಡರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಮುದುಕರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾವು ಕೆಲಸ ಹಂಚಿದ್ದೆವು, ಶಿಫ್ಟ್ ಬಿಟ್ಟುಕೊಟ್ಟಿರಲಿಲ್ಲ. ಕೈ ಬೇರೆಯವರದ್ದು, ತಲೆ ಮಾತ್ರ ಆಕೆಯದ್ದೇ.

ಸಿಟ್ಟು ಇಳಿದ ಮೇಲೆ ಕೇಳಿದೆ, "ಪಾತ್ರೆ ಜಿಡ್ಡು ಉಳಿದ್ರೆ ನಿಮಗೆ ಏನಾಗತ್ತೆ?"

ತುಂಬಾ ಹೊತ್ತು ಸುಮ್ಮನಿದ್ದರು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. "ನಾನಿಲ್ದೇನೂ ಮನೆ ನಡೆದುಬಿಟ್ರೆ, ನಾನ್ಯಾಕೆ ಬೇಕು ಮೇಡಂ?"

ಈ ಪ್ರಕರಣದ ತಿರುಳು ನನಗೆ ಸಿಕ್ಕಿದ್ದು ಆಗಲೇ. ಇದನ್ನು ಓದುವ ಗಂಡಸರು "ನೋಡಿದ್ರಾ, ಬಿಟ್ಟುಕೊಡದೆ ಇರೋದು ಅವಳೇ" ಎಂದು ಖುಷಿಪಡಬೇಡಿ. ಇಪ್ಪತ್ತು ವರ್ಷ ಒಬ್ಬರ ಕೈಯಲ್ಲೇ ಎಲ್ಲ ಬಿಟ್ಟು, ಹೊಗಳುವಾಗಲೂ "ಇವಳಿಲ್ದಿದ್ರೆ ಮನೆ ನಿಂತೋಗತ್ತೆ" ಎಂದು ಅದನ್ನೇ ಹೊಗಳಿದರೆ, ಆ ಮನುಷ್ಯಳಿಗೆ ಉಳಿಯುವ ಪದವಿ ಅದೊಂದೇ. ಅದನ್ನು ಬಿಡು ಎನ್ನುವ ಮುಂಚೆ ಕೂರಲು ಬೇರೆ ಜಾಗ ಬೇಡವಾ?

ನವೆಂಬರ್ ಮೊದಲ ವಾರ ನಾಲ್ವರೂ ಕೂತು ತೀರ್ಮಾನಿಸಿದರು. ಇಡ್ಲಿ, ದೋಸೆ ಹಿಟ್ಟು ಮಗನದ್ದು, ನೆನೆಹಾಕುವುದರಿಂದ ಹಿಡಿದು ಗ್ರೈಂಡರ್ ತೊಳೆಯುವವರೆಗೆ. ಸಿಲಿಂಡರ್, ಬಿಲ್ಲುಗಳು, ಅಪ್ಪನ ಮಾತ್ರೆ, ಡಾಕ್ಟರು ಇವು ಗಂಡನದ್ದು. ತರಕಾರಿ, ಕಸದ ಗಾಡಿ, ಕಾವೇರಿ ನೀರು ಮಾವನದ್ದು. ನೀರಿನ ಉಸ್ತುವಾರಿ ಮಾವ ಕೇಳಿ ತೆಗೆದುಕೊಂಡರು. ಮೋಟಾರು, ವಾಲ್ವ್ ಎಂದರೆ ಅವರಿಗೆ ಈಗಲೂ ಹುರುಪು. ಯಾರ ಕೆಲಸ ಕೆಟ್ಟರೂ ಅದನ್ನು ಸರಿಮಾಡುವುದು ಅವರವರೇ. ಶಾರದಾ ನೆನಪಿಸುವ ಹಾಗಿಲ್ಲ. ಒಂದು ತಿಂಗಳು ನೋಡೋಣ ಎಂದರು.

ಹಿಟ್ಟು

ನವೆಂಬರಿನ ಬೆಂಗಳೂರು ಗೊತ್ತಲ್ಲ. ಜಿಟಿಜಿಟಿ ಮಳೆ, ಥಂಡಿ ಗಾಳಿ. ಹುಡುಗ ಶನಿವಾರ ರಾತ್ರಿ ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ ಲೆಕ್ಕದಲ್ಲಿ ಸರಿಯಾಗಿಯೇ ರುಬ್ಬಿದ. ಆದರೆ ಪಾತ್ರೆಯನ್ನು ಕಿಟಕಿ ಪಕ್ಕದ ಗ್ರಾನೈಟ್ ಕಟ್ಟೆ ಮೇಲೆ ಬಿಟ್ಟು ಮಲಗಿದ. ಬೆಳಿಗ್ಗೆ ಆರಕ್ಕೆ ಶಾರದಾ ಮುಚ್ಚಳ ತೆಗೆದರೆ ಹಿಟ್ಟು ಇಟ್ಟ ಮಟ್ಟದಲ್ಲೇ ಇದೆ. ಒಂದು ಗುಳ್ಳೆ ಎದ್ದಿಲ್ಲ.

ಏನು ಮಾಡಬೇಕೆಂದು ಆಕೆಯ ಕೈಗೆ ಗೊತ್ತಿತ್ತು. ಅಗಲ ಪಾತ್ರೆಯಲ್ಲಿ ಬಿಸಿ ನೀರಿಟ್ಟು ಅದರಲ್ಲಿ ಕೂರಿಸಿದರೆ ಹತ್ತು ಗಂಟೆಯೊಳಗೆ ಉಬ್ಬುತ್ತದೆ. ಅದೂ ಆಗದಿದ್ದರೆ ನೀರು ಹಾಕಿ ತೆಳ್ಳಗೆ ದೋಸೆ ಹೊಯ್ಯಬಹುದು.

"ಮುಚ್ಚಳ ಮುಚ್ಚಿದೆ ಮೇಡಂ. ಅಷ್ಟೇ. ಕೈ ನಡುಗ್ತಿತ್ತು. ಗೇಟಿನ ಹತ್ರ ಹೋಗಿ ಸುಮ್ನೆ ನಿಂತ್ಕೊಂಡೆ."

ಹುಡುಗ ಎಂಟೂವರೆಗೆ ಎದ್ದು, ನೋಡಿ, ಅಯ್ಯೋ ಎಂದ. ತಾತನ ಜೊತೆ ಹೋಗಿ ದರ್ಶಿನಿಯಿಂದ ಇಡ್ಲಿ ಕಟ್ಟಿಸಿಕೊಂಡು ಬಂದ. ಮುಂದಿನ ಶನಿವಾರ ಪಾತ್ರೆಗೆ ತಾತನ ಹಳೇ ಸ್ವೆಟರ್ ಸುತ್ತಿಟ್ಟ. ಬೆಳಿಗ್ಗೆ ಹಿಟ್ಟು ಉಕ್ಕಿ ಸ್ವೆಟರಿನ ಒಂದು ತೋಳಿನ ತುಂಬ ಇಳಿದಿತ್ತು. ತಾತ ಬೈದರು, ಇಡ್ಲಿ ಮಾತ್ರ ಎಂಟು ತಿಂದರು.

ಆ ಮುಚ್ಚಳ ಮುಚ್ಚಿದ್ದೇ ಈ ಪ್ರಕರಣದ ದೊಡ್ಡ ಹೆಜ್ಜೆ ಎಂದು ನನ್ನ ಲೆಕ್ಕ. ನೋಡಿದವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಯಾವ ಶಿಬಿರದಲ್ಲೂ ಸರ್ಟಿಫಿಕೇಟ್ ಸಿಗುವುದಿಲ್ಲ.

ಅವರೆಕಾಯಿ

ಡಿಸೆಂಬರ್ ಕೊನೆಯ ಶನಿವಾರ ಮಾವ ಯಾರನ್ನೂ ಕೇಳದೆ ಐದು ಕೆಜಿ ಅವರೆಕಾಯಿ ಹೊತ್ತು ತಂದರು. ಮಾಗಡಿ ಕಡೆಯ ಕಾಯಿ, ಕೈಯೆಲ್ಲ ಸೊಗಡು. ಹಿಂದಿನ ವರ್ಷವಾಗಿದ್ದರೆ ಶಾರದಾಗೆ ಅಳು ಬರುತ್ತಿತ್ತು, ಸುಲಿಯುವವರು ಒಬ್ಬರೇ ಅಲ್ವಾ. ಈ ಸಲ ಆಕೆ ಚೀಲ ನೋಡಿ, "ತರಕಾರಿ ನಿಮ್ಮದು ಮಾವ" ಎಂದಷ್ಟೇ ಹೇಳಿ ಬಟ್ಟೆ ಮಡಿಸಲು ಹೋದರು. ಮಾವ ಪೇಪರ್ ಹಾಸಿ ಕೂತರು. ಅರ್ಧ ಗಂಟೆ ಕಳೆದ ಮೇಲೆ ಮೊಮ್ಮಗನನ್ನು ಕೂಗಿದರು. ರಾತ್ರಿ ಕಾಳು ನೆನೆಹಾಕಿದ್ದಾಯಿತು.

ಭಾನುವಾರ ಬೆಳಿಗ್ಗೆ ಕಾಳು ಹಿತುಕಲು ನಾಲ್ವರೂ ಹಾಲ್‌ನಲ್ಲಿ ಕೂತರು. ಹಿತಕಿದಬೇಳೆ ಗೊತ್ತಿದ್ದವರಿಗೆ ಆ ಕೆಲಸ ಗೊತ್ತು. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಗುರಿ ತಪ್ಪಿದರೆ ಎದುರಿನವರ ಕನ್ನಡಕಕ್ಕೆ. ಎರಡು ಗಂಟೆ ಹಿಡಿಯುವ ಕೆಲಸ. ಕೈಯೆಲ್ಲ ಒದ್ದೆ ಅಂಟು, ಮೊಬೈಲ್ ಮುಟ್ಟುವ ಹಾಗಿಲ್ಲ. ಕಣ್ಣು ಕಾಳಿನ ಮೇಲೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಪಾತ್ರೆ ಅರ್ಧ ತುಂಬಿದಾಗ ಹುಡುಗ ತಲೆ ಎತ್ತದೆ ಹೇಳಿದ. "ಅಪ್ಪಾ, ಮಿಡ್‌ಟರ್ಮ್‌ನಲ್ಲಿ ಫಿಸಿಕ್ಸ್ ಹತ್ತೊಂಬತ್ತು ಬಂದಿತ್ತು. ಎಪ್ಪತ್ತಕ್ಕೆ. ಹೇಳಿರಲಿಲ್ಲ."

ಅಪ್ಪನ ಕೈ ನಿಂತಿತು. ಎಸ್ಸೆಸ್ಸೆಲ್ಸಿ ಪ್ರಿಪರೇಟರಿಯಲ್ಲಿ ಮಾರ್ಕ್ಸ್ ಕಮ್ಮಿ ಬಂದಾಗ ಈ ಮನೆಯಲ್ಲಿ ಊಟದ ತಟ್ಟೆ ಹಾರಿತ್ತು. ಮೂರು ದಿನ ಮಾತಿರಲಿಲ್ಲ. ಶಾರದಾ ಅದನ್ನೇ ನೆನೆದು ಉಸಿರು ಹಿಡಿದು ಕೂತರಂತೆ. ಮಾವ ಕೆಮ್ಮಿದರು. ನಂತರ ಅಪ್ಪನ ಬೆರಳು ಮತ್ತೆ ಕಾಳು ಹಿಡಿಯಿತು. ಒಂದು, ಎರಡು, ಮೂರು ಬೇಳೆ ಪಾತ್ರೆಗೆ ಬಿದ್ದ ಮೇಲೆ ಕೇಳಿದರು, "ಯಾವ ಚಾಪ್ಟರ್ ಕೈ ಕೊಟ್ಟಿದ್ದು?"

ಜನವರಿಯಲ್ಲಿ ಅವರು ಒಬ್ಬರೇ ನನ್ನ ಹತ್ತಿರ ಬಂದಿದ್ದರು. "ಕೈ ಖಾಲಿ ಇದ್ದಿದ್ರೆ ಏನ್ ಮಾಡ್ತಿದ್ನೋ ಗೊತ್ತಿಲ್ಲ ಮೇಡಂ" ಎಂದರು. ಬಡಾಯಿ ಇಲ್ಲದೆ ಹೇಳಿದ ಮಾತು, ಅದಕ್ಕೇ ನಂಬಿದೆ. ಎದುರಿಗೆ ಕೂರಿಸಿ "ಹೇಳು, ಏನಾಯ್ತು" ಎಂದರೆ ಬಾಯಿ ಬಿಡದ ಹುಡುಗರು ಪಕ್ಕದಲ್ಲಿ ಕೂತು ಕೈಗೆ ಕೆಲಸ ಸಿಕ್ಕಾಗ ಮಾತಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನನ್ನ ಕೋಣೆಯಲ್ಲಿ ಅದಕ್ಕೆಂದೇ ಒಂದು ಡಬ್ಬಿ ತುಂಬ ಹಳೇ ಬಟನ್ ಇಟ್ಟಿದ್ದೇನೆ, ಬಣ್ಣ ನೋಡಿ ವಿಂಗಡಿಸಲು.

ಆವತ್ತು ಅವರಿಗೆ ಜಾನ್ ಗಾಟ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಂಡುಕೊಂಡ ಒಂದು ಲೆಕ್ಕ ಹೇಳಿದೆ. ಸಂಸಾರ ಗಟ್ಟಿಯಾಗಿ ಉಳಿದ ದಂಪತಿಗಳಲ್ಲಿ, ಜಗಳದ ಹೊತ್ತಿನಲ್ಲೂ ಒಂದು ಕಹಿ ನಡೆಗೆ ಐದು ಹಿತವಾದ ನಡೆ ಇರುತ್ತವಂತೆ. ಅಕೌಂಟ್ಸ್ ಮನುಷ್ಯ, ಕಣ್ಣು ಅರಳಿತು. ಮುಂದಿನ ವಾರ ನಿಜವಾಗಿಯೂ ಜಮಾ, ಖರ್ಚು ಬರೆದುಕೊಂಡು ಬಂದಿದ್ದರು. ದಯವಿಟ್ಟು ಬೇಡ ಎಂದೆ.

ಎಡವಿದ ಕಡೆ

ಮಾರ್ಚ್ ಬಂತು, ಗಂಡನಿಗೆ ಇಯರ್ ಎಂಡಿಂಗ್. ಸಿಲಿಂಡರ್ ಮರೆತರು, ಎರಡು ದಿನ ಇಂಡಕ್ಷನ್ ಒಲೆ ಮೇಲೆ ಅನ್ನ ಸಾರು. ಅದು ನಡೆಯುತ್ತದೆ. ನಡೆಯಬಾರದ್ದು ಇನ್ನೊಂದು ಆಯಿತು. ಮಾವನ ಬಿಪಿ ಮಾತ್ರೆ ಮುಗಿದು ಎರಡು ದಿನ ತಪ್ಪಿತು. ಶಾರದಾಗೆ ಮೊದಲ ದಿನವೇ ಗೊತ್ತಾಗಿತ್ತು. ನೆನಪಿಸಬಾರದು ಎಂಬ ನಿಯಮಕ್ಕೆ ಅಂಜಿ ಒಂದು ದಿನ ತಡೆದರು. ಎರಡನೇ ದಿನ ತಾವೇ ಓಡಿ ಹೋಗಿ ತಂದರು, ತಂದು ಗಂಡನ ಮೇಲೆ ಸರಿಯಾಗಿ ಕೂಗಾಡಿದರು.

ಇದರಲ್ಲಿ ತಪ್ಪು ನನ್ನದು. ಹಿಟ್ಟು ಕೆಟ್ಟರೆ ಕಲಿಯಬಹುದು, ಮಾತ್ರೆ ತಪ್ಪಿದರೆ ಅಲ್ಲ. ಕೆಡಲು ಬಿಡಬಹುದಾದ ಕೆಲಸ ಯಾವುದು, ಬಿಡಬಾರದ್ದು ಯಾವುದು ಎಂದು ನವೆಂಬರ್‌ನಲ್ಲೇ ಗೆರೆ ಎಳೆಯಬೇಕಿತ್ತು. ಈಗ ಇಂಥ ಮನೆ ಬಂದರೆ ಆ ಗೆರೆಯನ್ನು ಮೊದಲ ದಿನವೇ ಎಳೆಸುತ್ತೇನೆ.

ಇನ್ನೂ ಒಂದು. ಇದು ಒಬ್ಬರಿಗೊಬ್ಬರು ಹೆದರದ ಮನೆಯಲ್ಲಿ ನಡೆದದ್ದು. ಹೊಡೆತ, ಬೆದರಿಕೆ ಇರುವ ಕಡೆ "ಹಿಟ್ಟು ಕೆಡಲಿ ಬಿಡಿ" ಎಂದು ಹೆಂಗಸಿಗೆ ಹೇಳುವುದು ಅಪಾಯ. ಅಲ್ಲಿ ಮೊದಲು ಬೇಕಾಗಿರುವುದು 181 ಮಹಿಳಾ ಸಹಾಯವಾಣಿ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಏಪ್ರಿಲ್

2025ರ ಏಪ್ರಿಲ್‌ನಲ್ಲಿ ಮತ್ತೆ ಕ್ಯಾಲೆಂಡರ್ ಹಾಳೆ ಬರೆಸಿದೆ. 71 ಇದ್ದದ್ದು 43 ಆಗಿತ್ತು. ಅಡುಗೆ ಇನ್ನೂ ಬಹುಪಾಲು ಆಕೆಯದ್ದೇ. ಹಬ್ಬ, ನೆಂಟರ ಲೆಕ್ಕ ಪೂರ್ತಿ ಆಕೆಯದ್ದು. ಹಿಮೋಗ್ಲೋಬಿನ್ 12.1, ಪಿಎಚ್‌ಕ್ಯೂ-9 ಅಂಕ 3. ಇದರಲ್ಲಿ ಮಾತ್ರೆಯ ಪಾಲೆಷ್ಟು, ಮುಚ್ಚಳದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹುಡುಗ ಫಿಸಿಕ್ಸ್ ಪಾಸಾದ, ಬಾಕಿಯದ್ದು ಸಾಧಾರಣ.

ಉಳಿದ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಸಂಗೀತ ಕ್ಲಾಸು, ಯೋಗ ಇಂಥದ್ದೇನಾದರೂ ಹೇಳುತ್ತಾರೇನೋ ಎಂದು ನನಗಿನ್ನೂ ಆಸೆ. "ಮಂಗಳವಾರ ಸಂಜೆ ಟೆರೇಸ್ ಮೇಲೆ ಕೂರ್ತೀನಿ. ಪಕ್ಕದ್ಮನೆ ಹೊಂಗೆ ಮರ ಚಿಗುರಿದೆ. ಇವರೂ ಒಂದೊಂದ್ಸಲ ಬರ್ತಾರೆ. ಮಾತೇನೂ ಆಡಲ್ಲ" ಎಂದರು.

ಅಷ್ಟರಲ್ಲಿ ಆಕೆಯ ಫೋನ್ ಬಡಿದುಕೊಂಡಿತು. ಮನೆಯಿಂದ, ಮಾವ. ಅವರ ದನಿ ನನಗೂ ಕೇಳುತ್ತಿತ್ತು. ಮೆಂತ್ಯದ ಡಬ್ಬಿ ಎಲ್ಲಿದೆಯಮ್ಮ ಎಂದು ಕೇಳುತ್ತಿದ್ದರು.

"ಗೊತ್ತಿಲ್ಲ ಮಾವ" ಎಂದರು ಶಾರದಾ. "ಅವನು ಜಾಗ ಬದಲಾಯಿಸಿದಾನೆ. ಅವನನ್ನೇ ಕೇಳಿ."

ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದುಕೊಂಡರು.